ಖಾಲಿ ಕಾಲಂ

ಉದುರಿದ ಎಲೆ ತೂಗುವುದು ನನ್ನ ಪಿಎಚ್‌ಡಿ.
ಹದಿನೈದು ದಿನಕ್ಕೊಮ್ಮೆ ದೇವರಕಾಡಿನ ಬಲೆ ಬಿಚ್ಚಬೇಕು;
ಐದು ಸಲ ತಪ್ಪಿತು.
ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ ನಾನೊಬ್ಬಳೇ.

"ಡೇಟಾ ಹೋದರೆ ಹೋಗಲಿ" ಎಂದು ಗೈಡ್
ಫೋನಿನಲ್ಲಿ ಕೆಮ್ಮಿದ ದಿನ
ನಿಜಕ್ಕೂ ಹೆದರಿದೆ.

ಆಮೇಲೊಂದು ಫಾರ್ಮ್: ಎಷ್ಟು ರಾತ್ರಿ ನಿದ್ದೆಯಿಲ್ಲ?
ಒಂದರಿಂದ ಐದರೊಳಗೆ ಗುರುತಿಸಿ.
ಮೂರು ಒತ್ತಿದೆ.
ಮೂರಕ್ಕೆ ಯಾರೂ ಫೋನ್ ಮಾಡುವುದಿಲ್ಲ.

ಸಂಜೆ ಏಳಕ್ಕೆ ವಾಚ್‌ಮನ್ ಚಿಣ್ಣಪ್ಪಣ್ಣ
ಬಿದಿರುಕೋಲಿನಿಂದ ಬಾಗಿಲು ತಟ್ಟಿ, ದೂರ ಸರಿದು,
"ಇದ್ದೀಯಾ ಮಗಾ?"
"ಇದ್ದೇನೆ."
ರಿಜಿಸ್ಟರಿಗೆ ಒಂದು ಗೀಟು.

ಜೂನಿನಲ್ಲಿ ಕಾಡಿಗೆ ಹೋದೆ. ಅರ್ಧ ಬಲೆ ಆನೆ ತುಳಿದಿತ್ತು,
ಉಳಿದದ್ದರಲ್ಲಿ ಎಲೆ ಯಾವುದು, ಮಣ್ಣು ಯಾವುದು.
ತೂಗಲಿಲ್ಲ.

ಬರುವಾಗ ಗೇಟಿನಲ್ಲಿ ರಿಜಿಸ್ಟರು ತಿರುವಿದೆ:
ಎಪ್ಪತ್ತೈದು ಗೀಟು, ಒಂದೂ ಖಾಲಿಯಿಲ್ಲ.
ಒಂದು ಕಡೆ ಮಾತ್ರ ಇಂಕು ಮುಗಿದು
ಪೆನ್ನು ಕಾಗದ ಕೊರೆದಿತ್ತು.