ನಾಲ್ಕನೇ ಆರಾಧನೆ

ಕೀಲಿಕೈ ನನ್ನ ಹತ್ತಿರ. ಆರಕ್ಕೆ ತಮಿಳು,
ಎಂಟಕ್ಕೆ ತೆಲುಗು, ಹತ್ತಕ್ಕೆ ಕನ್ನಡ.
ತಮಿಳಿನವರು ಒಂದು ಚರಣ ಹೆಚ್ಚು ಹಾಡಿದರೆ
ಸುವಾರ್ತಮ್ಮ ಬಾಗಿಲಲ್ಲಿ ನಿಂತು ಕೆಮ್ಮುತ್ತಾಳೆ.
ಗುತ್ತಿಯಿಂದ ಬಂದ ಕೆಮ್ಮು ಅದು, ಮೂರು ತಲೆಮಾರಿನದು.

ಪಲ್ಟನ್ನಿನ ಹಿಂದೆ, ಕುದುರೆಗಳ ಹುಲ್ಲು ಹೊತ್ತು ಬಂದವರು ನಾವು.
ಪಲ್ಟನ್ ಹೋಯಿತು, ಕುದುರೆ ಹೋದವು.
ಹುಲ್ಲು ಹೊತ್ತವರು ಉಳಿದೆವು
ಕೌಲ್ ಬಜಾರಿನ ಈ ಗಲ್ಲಿಯಲ್ಲಿ, ಗುಡ್ಡದ ಕಾವಿಗೆ ಬೆನ್ನು ಕೊಟ್ಟು.
ನಮ್ಮ ಪಾಕ್ಯಂ ಪಾಟಿಯ ಕನಸು ಯಾವ ಭಾಷೆಯದೋ,
ಬೈಗುಳ ಮಾತ್ರ ಅಪ್ಪಟ ಬಳ್ಳಾರಿಯದು.

ವಾರವೆಲ್ಲ ಜೀನ್ಸ್ ಹೊಲಿಯುತ್ತೇನೆ.
ಕರ್ತನ ಭೋಜನಕ್ಕೆ ಚಾಚಿದ ಅಂಗೈ ನೀಲಿ.
ಅಯ್ಯನವರು ಮೊದಮೊದಲು ಬೆರಳು ಹಿಂದೆಳೆಯುತ್ತಿದ್ದರು,
ಈಗ ಮೆಲ್ಲಗೆ ಕೇಳುತ್ತಾರೆ: ಆರ್ಡರ್ ಹೆಂಗೈತಪ್ಪ?

ಹೋದ ಚಳಿಗಾಲ ಬಂದರು ಅವರು,
ತೋರಣಗಲ್ಲಿನಿಂದ ಪ್ಯಾಸೆಂಜರ್ ಹತ್ತಿ.
ಹದಿನಾರು ಹುಡುಗರು, ಒಬ್ಬಳು ಬಸುರಿ.
ಒಗೆದ ಕಾಲರಿನ ಮಡಿಕೆಯಲ್ಲಿ ಅದಿರಿನ ಕೆಂಪು ಗೆರೆ.
ಜಾರ್ಖಂಡ್ ಅಂದರು.
ಪಾಟಿ ಕೇಳಿದಳು: ಗುಂತಕಲ್ ಆಚೆಗೋ, ಈಚೆಗೋ?

ಕಮಿಟಿ ಎರಡು ಸಲ ಕೂತಿತು.
ಕರೆಂಟ್ ಬಿಲ್ಲಿನ ಮಾತು, ಫ್ಯಾನಿನ ಮಾತು,
ಇವರು ಇರೋರಾ, ಹೋಗೋರಾ ಅನ್ನೋ ಮಾತು.
ನಮ್ಮನ್ನೂ ಯಾರೋ ಹೀಗೆ ತೂಗಿದ್ದಿರಬೇಕು;
ಆ ಪುಸ್ತಕ ಗೆದ್ದಲು ತಿಂದಿದೆ.
ಕೊನೆಗೆ ಕೊಟ್ಟರು ಮಧ್ಯಾಹ್ನದ ಎರಡು ಗಂಟೆ,
ನಮ್ಮೂರ ಬಂಡೆಗಳೂ ನೆರಳು ಹುಡುಕುವ ಹೊತ್ತು.

ಬೀಗ ಹಾಕಲು ಕಾಯುತ್ತ ನಾನು, ಪಾಟಿ, ಹಿಂದಿನ ಬೆಂಚಿನಲ್ಲಿ.
ನೆಲ್ಸನ್ ಹೊರೊ ಕಣ್ಣು ಮುಚ್ಚಿ ಶುರು ಮಾಡಿದ.
ಪದ ಗೊತ್ತಿಲ್ಲ, ಏರು ಇಳುಕಲು ಗೊತ್ತು,
ಕತ್ತಲಲ್ಲಿ ನಮ್ಮ ಮನೆಯದೇ ಮೆಟ್ಟಿಲು ಇಳಿದ ಹಾಗೆ.
ಬೆಳಗಿನಿಂದ ಮೂರು ಸಲ ನಾವು ಬೇಡಿದ್ದು
ಆಗಾರಂ, ಆಹಾರಮು, ಆಹಾರ,
ರೇಷನ್ ಕಾರ್ಡಿನ ಮೇಲೆ ಅಚ್ಚಾಗುವ ಮಾತು.
ಈ ಹುಡುಗ ಬೇಡಿದ್ದು ರೋಟಿ.

ಪಾಟಿ ನನ್ನ ಮೊಣಕೈ ತಿವಿದಳು,
ಹಲ್ಲಿಲ್ಲದ ಬಾಯಿಂದ ಗಾಳಿ ಹಾರಿಸುತ್ತ:
"ಕೇಳಿದೇನೋ? ರೊಟ್ಟಿ ಅಂದ ನೋಡು!
ಇಷ್ಟು ವರ್ಷದಾಗ ಒಬ್ಬನಾದ್ರೂ
ಬಾಯಿಬಿಟ್ಟು ಕೇಳಿದನಲ್ಲ."

ಆರಾಧನೆ ಮುಗಿದು ಹುಡುಗರು ಚಹಾಕ್ಕೆ ಹೋದರು.
ಬಸುರಿ ಬೆಂಚಿನ ಮೇಲೆ ಹಾಗೇ ನಿದ್ದೆ ಹೋಗಿದ್ದಾಳೆ,
ತಲೆಗೆ ಯಾರದೋ ತೆಲುಗು ಹಾಡಿನ ಪುಸ್ತಕ.
ರೈಲಿಗೆ ಇನ್ನೂ ಎರಡು ತಾಸಿದೆ.
ಕೀಲಿಕೈ ಜೇಬಿಗೆ ಹಾಕಿಕೊಂಡೆ.
ಫ್ಯಾನು ತಿರುಗುತ್ತಿದೆ.
ಕಮಿಟಿಗೆ ಹೇಳಬೇಡಿ.