ಇಳಿಯುವುದು ಪುಕ್ಕಟೆ

ನಮ್ಮ ಕಟ್ಟಡದ ಲಿಫ್ಟು
ಹತ್ತು ತೇತ್ರಿಯ ಬಿಲ್ಲೆ ನುಂಗದೆ ಮಿಸುಕುವುದಿಲ್ಲ.
ಅದೂ ಹತ್ತುವುದಕ್ಕಷ್ಟೇ. ಇಳಿಯುವುದು ಪುಕ್ಕಟೆ.
ತ್ಬಿಲಿಸಿಯ ಈ ತುದಿಯಲ್ಲಿ
ಒಂಬತ್ತನೇ ಮಹಡಿಯವಳು ನಾನು.
ಚಿಲ್ಲರೆ ಇಲ್ಲದ ರಾತ್ರಿ ಮೆಟ್ಟಿಲು ಎಣಿಸುತ್ತ ಹತ್ತುತ್ತೇನೆ:
ನೂರಾ ನಲವತ್ತನಾಲ್ಕು.
ಮೂರರಲ್ಲಿ ಬದನೆಕಾಯಿ ಕರಿದ ಘಮ,
ಐದರಲ್ಲಿ ಬಲ್ಬು ಹೋಗಿ ಎರಡು ಚಳಿಗಾಲ,
ಏಳರಲ್ಲಿ ಗಂಡಹೆಂಡಿರ ಜಗಳ.
ನನ್ನ ಹೆಜ್ಜೆ ಕೇಳಿದರೆ ನಿಲ್ಲುತ್ತದೆ,
ದಾಟಿದ ಮೇಲೆ
ನಿಂತ ಪದದಿಂದಲೇ ಮುಂದುವರಿಯುತ್ತದೆ.

ವಾರವಿಡೀ ಕನ್ನಡಕದ ಅಂಗಡಿ.
ಗಾಜು ಇಟ್ಟು, ಗಾಜು ತೆಗೆದು
ಇದು ಸ್ಪಷ್ಟವೋ, ಅದು ಸ್ಪಷ್ಟವೋ
ಕೇಳಿ ಕೇಳಿ ನಾಲಿಗೆ ಸವೆದಿದೆ.
ಜನ ಹೆದರುತ್ತಾರೆ,
ತಪ್ಪು ಉತ್ತರಕ್ಕೆ ಬೆತ್ತದೇಟು ಇದೆಯೇನೋ ಎಂಬಂತೆ.
ಮೊನ್ನೆ ಒಬ್ಬ ಅಜ್ಜ ಅಂದ:
ಎರಡೂ ಒಂದೇ ಮಗಳೇ,
ನಿನಗೆ ಯಾವುದು ಸುಲಭವೋ ಅದನ್ನೇ ಬರಕೋ.

ಭಾನುವಾರ ಅಮ್ಮನ ಫೋನು.
ಇಟಲಿಯ ಬಾರಿ ಪಟ್ಟಣದಲ್ಲಿ
ಅಸುಂತಾ ಎಂಬ ಮುದುಕಿಗೆ
ಉಣಿಸಿ, ಮೀಯಿಸಿ, ಮಲಗಿಸಿ ಎಂಟು ವರ್ಷ.
ಪರದೆಯಲ್ಲಿ ಅಮ್ಮನ ಅರ್ಧ ಹಣೆ,
ಅದರ ಮೇಲೆ ಪರರ ಮನೆಯ ಸೂರು.
ಊಟ ಆಯ್ತಾ? ಆಯ್ತು.
ಎಣ್ಣೆ, ಸೋಪಿನ ಪುಡಿ ಕಳಿಸಿದ್ದೀನಿ, ಬಂತಾ? ಬಂತು.
ಅಷ್ಟರಲ್ಲಿ ಒಳಗಿನಿಂದ ಮುದುಕಿ ಕೂಗಿದಳು.
ಬಂದೆ ಬಂದೆ ಎಂದಿರಬೇಕು ಅಮ್ಮ, ಅವರ ಭಾಷೆಯಲ್ಲಿ.
ನನಗೆ ದಡಾರ ಎದ್ದಿದ್ದಾಗ ಕೇಳಿದ ದನಿ ಅದು.
ಹೊಟ್ಟೆಕಿಚ್ಚೇ?
ತೊಂಬತ್ತೊಂದರ ಹಣ್ಣುಮುದುಕಿಯ ಮೇಲೆ!
ಹಲ್ಲುಜ್ಜುತ್ತ ನಕ್ಕು ನೊರೆ ನುಂಗಿದೆ.

ಮಧ್ಯಾಹ್ನ ಕೇತೊ ಬಂದಳು, ಹೊಸ ಬೂಟು, ಹಳೆ ದೂರು.
ಒಣಸೇತುವೆಯ ಸಂತೆಗೆ ಹೋದೆವು.
ಕೆಳಗೆ ನದಿಯೇ ಇಲ್ಲದ ಸೇತುವೆ;
ನೀರು ಬಿಟ್ಟು ಹೋದ ಜಾಗದಲ್ಲಿ
ಜನ ಜಮಖಾನ ಹಾಸಿ
ಚಮಚ, ಪದಕ, ಗೊಂಬೆಯ ಒಂಟಿ ಕೈ ಮಾರುತ್ತಾರೆ.
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ
ನಮ್ಮ ಜೊತೆ ಬಂತು, ಹಸಿರು ದೀಪಕ್ಕೆ ಕಾಯ್ದು ರಸ್ತೆ ದಾಟಿತು.
ಕೇತೊ ಕಾಯಲಿಲ್ಲ.

ಒಬ್ಬ ಮುದುಕನ ಮುಂದೆ ಕನ್ನಡಕಗಳ ರಾಶಿ.
ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ಅಲುಗಿಸಿದೆ;
ಗಾಜಿನಾಚೆಯ ಲೋಕ ಎಷ್ಟು ಜಾರುತ್ತದೆಂದು ನೋಡಿಯೇ
ನಂಬರು ಹೇಳಬಲ್ಲೆ, ಕೈ ಅಷ್ಟು ಪಳಗಿದೆ.
ಇದು ಓದುವವರದು. ಇದು ಪೊರೆ ಬಂದವರದು.
ಆಮೇಲೆ ಕಂದು ಬಣ್ಣದ್ದೊಂದು, ಕಾಲಿಗೆ ದಾರ ಸುತ್ತಿದ್ದು:
ಎಡಕ್ಕೆ ಮೈನಸ್ ಎರಡೂಮುಕ್ಕಾಲು,
ಬಲಕ್ಕೆ ನಾಲ್ಕು. ನನ್ನದೇ!
ಯಾರೋ ಸತ್ತವರು ಬದುಕಿದ್ದಾಗ
ನನ್ನಷ್ಟೇ, ನನ್ನ ಹಾಗೆಯೇ
ದೂರದ ಬಸ್ಸಿನ ಬೋರ್ಡು ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದರು.
ಅವರೂ ಗುರುತಿನವರನ್ನು ಕಂಡೂ ಕಾಣದೆ ದಾಟಿ
ಸೊಕ್ಕಿನವರೆಂದು ಹೆಸರು ಪಡೆದಿರಬೇಕು.

ಹನ್ನೆರಡು ಅಂದ, ಎಂಟಕ್ಕೆ ಇಳಿದ.
ನನ್ನಲ್ಲಿದ್ದದ್ದು ಏಳೂವರೆ, ಚಿಲ್ಲರೆ ಸಮೇತ.
ಸುರಿದುಬಿಟ್ಟೆ. ಕೇತೊ ಹುಚ್ಚಿ ಎಂದಳು,
ಹಸಿರು ಷರಬತ್ತು ಕುಡಿಸಿದಳು, ಮೆಟ್ರೋದ ಕಾರ್ಡೂ ಅವಳೇ ಒತ್ತಿದಳು.

ರಾತ್ರಿ ಲಿಫ್ಟಿನ ಮುಂದೆ ಜೇಬು ತಡಕಿದೆ.
ಸೂರ್ಯಕಾಂತಿ ಬೀಜದ ಸಿಪ್ಪೆ.
ಸರಿ, ಸತ್ತವರ ಕನ್ನಡಕ ಹಾಕಿಕೊಂಡು ಹೊರಟೆ.
ಮೂರು. ಬದನೆಕಾಯಿ ಇಲ್ಲ, ಸೀದ ಹಾಲು.
ಐದು. ಕತ್ತಲೆಗೆ ಯಾವ ನಂಬರೂ ಒಂದೇ.
ಏಳು.
ಜಗಳವಿಲ್ಲ.

ನಿಂತೆ. ನನ್ನ ಹೆಜ್ಜೆಗೆ ನಿಂತಿತೇನೋ ಎಂದು
ಉಸಿರು ಬಿಗಿಹಿಡಿದು ಕಾದೆ.
ಒಳಗೆ ಗಾಜಿನ ಲೋಟದಲ್ಲಿ ಚಮಚ ತಿರುಗುವ ಸದ್ದು,
ತಿರುಗಿತು, ತಿರುಗಿತು,
ಒಬ್ಬರಿಗೆ ಇಷ್ಟು ಸಕ್ಕರೆಯೇ?

ಅಷ್ಟರಲ್ಲಿ ನನ್ನ ಎಣಿಕೆ ತಪ್ಪಿಹೋಗಿತ್ತು.
ನೂರಾ ಎಂಟೋ, ಹನ್ನೆರಡೋ.
ಮತ್ತೆ ಕೆಳಗಿನಿಂದ ಶುರುಮಾಡಲೇ?
ಇಳಿಯುವುದೇನೋ ಪುಕ್ಕಟೆ.