ಎರಡು ಹಳದಿ ಗೆರೆ

ಸೋಡಿಯಂ ದೀಪ ಹೊತ್ತಿದ ಕೂಡಲೇ ಹಳದಿಯಾಗುವುದಿಲ್ಲ.
ಮೊದಲು ಗುಲಾಬಿ.
ನಾಚಿದವರ ಕೆನ್ನೆ ಎಂದಳು ಮಾದೇವಿ,
ಅಲ್ಲ, ಏಟು ತಿಂದವರ ಕೆನ್ನೆ ಎಂದೆ ನಾನು.
ಹತ್ತು ನಿಮಿಷ ಕಾಯಬೇಕು.
ಜವರಯ್ಯ ಕಿಟಕಿಗೆ ಕಪ್ಪು ಬಟ್ಟೆ ಎಳೆದು
ಬಾಗಿಲ ಬಳಿ ಸ್ಟೂಲಿನಲ್ಲಿ ಎಲೆಗೆ ಸುಣ್ಣ ಸವರುತ್ತ
ಇಪ್ಪತ್ತೇಳು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಹೇಳಿದ:
"ಮೊದ್ಲು ಸೊನ್ನೆ ನೋಡ್ಕಳಿ ಕಣ್ರವ್ವ,
ಸೊನ್ನೇನೇ ಸುಳ್ಳಾದ್ರೆ ಮಿಕ್ಕಿದ್ದೆಲ್ಲ ಸುಳ್ಳೇ."

ಐದು ವರ್ಷದ ಕೋರ್ಸು.
ಬಿ.ಎಸ್ಸಿ.ಗೆ ಎಂ.ಎಸ್ಸಿ. ಬೆಸೆದು ಒಂದೇ ಸಲಾಕೆ ಮಾಡಿದ್ದು.
ಪಾಂಡವಪುರದಲ್ಲಿ ಚಿಕ್ಕಪ್ಪ ಬೆರಳು ಮಡಿಸಿದ:
ಐದು ವರ್ಷ ಅಂದ್ರೆ ಡಾಕ್ಟ್ರು ತಾನೇ?
ಅಲ್ಲ.
ಇಂಜಿನಿಯರಿಗಿಂತ ಒಂದು ಮೇಲೆ?
ಅಲ್ಲ, ಫಿಜಿಕ್ಸು.
ಮಡಿಸಿದ ಬೆರಳು ಬಹಳ ಹೊತ್ತು ಬಿಡಿಸಲೇ ಇಲ್ಲ ಅವನು.

ಮಾದೇವಿ ಬನ್ನೂರಿನವಳು.
ಹಾಸ್ಟೆಲಿನ ಹದಿನಾಲ್ಕನೇ ಕೋಣೆ,
ಒಂದು ಲಾಗ್ ಟೇಬಲ್ಲು, ಒಂದು ಬಕೀಟು, ಇಬ್ಬರು.
ನಮ್ಮ ರೆಕಾರ್ಡ್ ಪುಸ್ತಕದ ಅಕ್ಷರ ಕೂಡ ಒಂದೇ ಥರ ವಾಲುತ್ತಿತ್ತು,
ಮೇಡಂ ಗ್ರೇಸಿ ಹೆಸರು ಅದಲುಬದಲು ಕರೆಯುತ್ತಿದ್ದರು.
ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಹೆಜ್ಜಾರ್ಲೆ ನೀರಿಗಿಳಿಯುವುದನ್ನು ನೋಡಿ
ಅಷ್ಟು ಭಾರ, ಅಷ್ಟು ಸದ್ದಿಲ್ಲ,
ಹೇಗೆ, ಎಂದು ಜಗಳವಾಡುತ್ತಿದ್ದೆವು.
ಕಡಲೆಕಾಯಿ ಮುಗಿದರೂ ಜಗಳ ಮುಗಿಯುತ್ತಿರಲಿಲ್ಲ.

ಗ್ರೇಟಿಂಗ್ ಇಟ್ಟು ದೂರದರ್ಶಕ ತಿರುಗಿಸಿದರೆ
ಮೊದಲ ಆರ್ಡರಿನಲ್ಲಿ ನನಗೆ ಕಂಡದ್ದು ಒಂದೇ ಗೆರೆ,
ಅರಿಶಿನದ ದಾರ.
ಇನ್ನೂ ತಿರುಗಿಸಿದಳು ಮಾದೇವಿ.
ಎರಡನೇ ಆರ್ಡರು ಮಂಕು,
ಆದರೆ ಅಲ್ಲಿ ದಾರ ಸೀಳಿತ್ತು.
ನಡುವೆ ಕೂದಲಿನಷ್ಟು ಕತ್ತಲು.
ಆರು ಆಂಗ್‌ಸ್ಟ್ರಾಮ್ ವ್ಯತ್ಯಾಸ ಎಂದು ಬರೆದುಕೊಂಡೆ.
ಅಷ್ಟೇ ಬರೆದುಕೊಂಡೆ.

ಹತ್ತುವಾಗ ತಡೆರಹಿತ ಎಂದಿದ್ದ ಬಸ್ಸು
ಮದ್ದೂರಿನಲ್ಲಿ ನಿಂತುಬಿಟ್ಟ ಹಾಗೆ
ಮೂರನೇ ವರ್ಷದ ಕೊನೆಗೆ ಒಂದು ನಮೂನೆ ಬಂತು.
ಮುಂದುವರಿಯುವವರ ಸಹಿ ಇಲ್ಲಿ.
ಪದವಿ ಪಡೆದು ಇಳಿಯುವವರದು ಕೆಳಗೆ.
ಅವಳು ಕೆಳಗೆ ಹಾಕಿದಳು, ನನ್ನ ಪೆನ್ನಿನಲ್ಲೇ.
ಮನೆ ಕಡೆ ತೊಂದರೆಯೇ? ಇಲ್ಲ.
ಮದುವೆಯೇ? ಥೂ.
ಮತ್ತೆ?
ಸಾಕು ಅಂದಳು.
ಸಾಕಾಯ್ತು ಅಲ್ಲ ಕಣೇ, ಸಾಕು.
ಆ ಎರಡು ಮಾತಿನ ನಡುವಿನ ದೂರ ಅಳೆಯಲು
ನನ್ನ ಬಳಿ ವರ್ನಿಯರ್ ಇರಲಿಲ್ಲ.

ನಾಲ್ಕನೇ ವರ್ಷ.
ಪೆಟ್ಟಿಗೆಯೊಳಗೆ ಒಂದು ಕಣ. ಪೆಟ್ಟಿಗೆಯೂ ಇಲ್ಲ, ಕಣವೂ ಇಲ್ಲ,
ಹಲಗೆಯ ತುಂಬ ಗ್ರೀಕ್ ಅಕ್ಷರ.
ಹದಿನಾಲ್ಕನೇ ಕೋಣೆಗೆ ಕೆಮಿಸ್ಟ್ರಿಯವಳು ಬಂದಳು, ಒಳ್ಳೆಯವಳು,
ಬಕೀಟು ಅವಳದೇ ತಂದಳು.

ಒಂದು ರಾತ್ರಿ ಮಾದೇವಿಯ ಫೋನು.
ತೂಕ ಮತ್ತು ಅಳತೆ ಇಲಾಖೆಯಲ್ಲಿ ಕೆಲಸ.
ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆ, ಹೆಸರು ಹೇಳಲ್ಲ,
ಕಬ್ಬಿನ ಲಾರಿ ತೂಗೋ ವೇಬ್ರಿಡ್ಜು.
ಮೇಲೆ ಒಂದು ಕಾಗೆ ಕೂಡ ಇಲ್ಲ,
ತೋರಿಸ್ತಾ ಇದೆ ಸೊನ್ನೆಗಿಂತ ನಲವತ್ತು ಕಿಲೋ ಕಡಿಮೆ!

ನಾನು ಎಂ.ಎಸ್ಸಿ.ಯವಳು, ಗತ್ತಿನಲ್ಲಿ ಹೇಳಿದೆ:
ಏನೂ ಆಗಲ್ಲ ಬಿಡೇ.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ
ಸೊನ್ನೆಯ ದೋಷ ತಾನೇ ಹೊಡೆದುಹೋಗುತ್ತೆ.

ಅವಳು ಉಸಿರು ಬಿಟ್ಟಿದ್ದು ಕೇಳಿಸಿತು.
"ತುಂಬಿದ ಲಾರಿ ತೂಗೋದು ಈ ಗೇಟಲ್ಲಿ.
ಖಾಲಿ ಲಾರಿ ತೂಗೋದು ಆ ಗೇಟಲ್ಲಿ,
ಬೇರೆ ತಕ್ಕಡಿ.
ಅದು ಸರಿಯಾಗಿದೆ."

ಲಾರಿಗೆ ನಲವತ್ತು ಕಿಲೋ.
ದಿನಕ್ಕೆ ಇನ್ನೂರು ಲಾರಿ.
ಗುಣಿಸು ಅಂದಳು. ಗುಣಿಸಲಿಲ್ಲ ನಾನು.
ಜವರಯ್ಯ ಹೇಗಿದಾನೆ ಎಂದು ಕೇಳಿದಳು.
ರಿಟೈರಾದ ಎಂದೆ,
ಸ್ಟೂಲು ಅಲ್ಲೇ ಇದೆ.

ಇವತ್ತು ಮೊದಲ ವರ್ಷದ ಹುಡುಗರಿಗೆ ಲ್ಯಾಬಿನಲ್ಲಿ ನಾನೇ ನಿಂತಿದ್ದೆ.
ದೀಪ ಇನ್ನೂ ಗುಲಾಬಿ.
ಕಪ್ಪು ಬಟ್ಟೆಯ ತೂತಿನಿಂದ ಬಿಸಿಲು ಕಡ್ಡಿ ಚುಚ್ಚಿತ್ತು.
ಕನ್ನಡಕದ ಹುಡುಗಿಯೊಬ್ಬಳು ಕಣ್ಣು ಕೀಲಿಸಿ
ಅಕ್ಕಾ, ಒಂದೇ ಗೆರೆ ಇದೆ, ಬರ್ಕೊಳ್ಳಾ? ಅಂದಳು.
ತಡಿ ಅಂದೆ.
ಇನ್ನೂ ತಿರುಗಿಸು.
ಮಂಕಾಗುತ್ತೆ, ಹೆದರಬೇಡ,
ಕಣ್ಣು ಒಗ್ಗಬೇಕು ಅಷ್ಟೇ.